ಮೆಂಬರರ ತೊಟ್ಟಿಗೆ ಮೀನು

ಕೊಡದ ಬಾಯಿಗೆ ಹಳೇ ಸೀರೆ ಹಿಡಿದು ಡ್ರಮ್ಮಿನ ನೀರು ಸೋಸುತ್ತಿದ್ದೆ. ಹಿಂದಿನಿಂದ ಬೂಟುಗಾಲೊಂದು ಬಂದು ಡ್ರಮ್ಮನ್ನೇ ಒದೆಯಿತು.

“ಹೊಲಸು ಮುಂಡೇರ! ಸೊಳ್ಳಿ ಸಾಕಾಕ ಹತ್ತೀರೇನು?”

ಆರೋಗ್ಯ ಇಲಾಖೆಯ ಸಾಹೇಬ. ಅವನ ಪಕ್ಕ ನಮ್ಮ ಪಂಚಾಯ್ತಿ ಮೆಂಬರ ಮರಿಬಸಪ್ಪ, ಮುಂದೆ ಫೋಟೋದವನು. ನೀರು ಅಂಗಳದ ತುಂಬ ಹರಿದು ಚರಂಡಿ ಸೇರಿತು. ಒಳಗೆ ಡೆಂಗಿ ಜ್ವರದಲ್ಲಿ ಮೊಮ್ಮಗಳು ಅಂಜನಾ ಮಲಗಿದ್ದಳು. ಮೇಲಿಂದ ಮೇಲೆ ನೀರು ಕುಡಿಸು ಅಂದಿದ್ದರು ಕುರುಗೋಡಿನ ಡಾಕ್ಟರು.

“ಡೆಂಗಿ ಸೊಳ್ಳಿ ಹೊಲಸಿನ್ಯಾಗ ಹುಟ್ಟಂಗಿಲ್ಲ, ನಿಂತ ತಿಳಿನೀರಾಗ ಹುಟ್ಟತೈತಿ. ಹಗಲೇ ಕಡೀತೈತಿ. ವಾರಕ್ಕೊಮ್ಮಿ ಡ್ರಮ್ ಬರಿದು ಮಾಡಿ ತಿಕ್ಕಬೇಕು. ತಿಳೀತಾ?” ಅಂದ ಸಾಹೇಬ.

“ತಿಳೀತ್ರಿ. ನಳ ಹದಿನೈದು ದಿನಕ್ಕೊಮ್ಮಿ ಬರತೈತಿ. ವಾರಕ್ಕೊಮ್ಮಿ ಚೆಲ್ಲಿದ್ರ ಉಳಿದ ವಾರ ಏನ್ ಕುಡಿಯೋಣ್ರಿ?”

ಸಾಹೇಬ ಮರಿಬಸಪ್ಪನ ಮುಖ ನೋಡಿದ. ಮರಿಬಸಪ್ಪ ಆಕಾಶ ನೋಡಿದ.

ಮೆಂಬರರ ಮನೆಯಲ್ಲಿ ಸೆಗಣಿ ಬಾಚಿ ಆಗತಾನೇ ಬಂದಿದ್ದ ಪಕ್ಕದ ಮನೆಯ ಜಂಬಮ್ಮ ಕೇಳಿದಳು, “ಇವರ ತೊಟ್ಟ್ಯಾಗೂ ಹುಳ ಇದ್ವಲ್ರೀ. ಅದಕ್ಯಾಕ ಒದೀಲಿಲ್ಲ?”

“ಅದಕ್ಕ ಹುಳ ತಿನ್ನೋ ಮೀನ ಬಿಟ್ಟೀವಿ. ಅಷ್ಟು ನೀರು ಹಾಳು ಮಾಡಾಕ ಆಗತೈತೇನು?” ಅಂದ ಸಾಹೇಬ.

“ಹಂಗಾರ ನಮ್ಮ ಡ್ರಮ್ಮಿಗೂ ಎರಡು ಬಿಡ್ರಿ.”

ಮರಿಬಸಪ್ಪ ನಕ್ಕ. “ನಿಮಗ ಕೊಟ್ರ ರಾತ್ರಿಗೇ ಹುರಕೊಂಡು ತಿಂತೀರಿ.”

“ಉಗುರಿನಷ್ಟು ಮೀನಿಗೆ ಎಣ್ಣಿ ದಂಡ, ಧಣೀ” ಅಂದಳು ಜಂಬಮ್ಮ.

ಫೋಟೋದವನು ನಕ್ಕುಬಿಟ್ಟ. ಸಾಹೇಬನಿಗೆ ಸಿಟ್ಟು ಬಂತು. ಜಂಬಮ್ಮನ ಡ್ರಮ್ಮು ಉರುಳಿತು, ಆಮೇಲೆ ಇಡೀ ಕೇರಿಯವು. ಫೋಟೋ ಚೆನ್ನಾಗಿ ಬಂತಂತೆ.

ಅವರು ಹೋದ ಮೇಲೆ ಅಂಜನಾ “ಅಜ್ಜೀ, ನೀರು” ಅಂದಳು. ಕೊಡದಲ್ಲಿ ಸೋಸಿದ್ದಷ್ಟೇ ಇತ್ತು. ಕುಡಿಸಿದೆ. ಸಂಜೆಗೆ ಅದೂ ಇರುವುದಿಲ್ಲ.

ನಳದ ನೀರು ದಿನಾ ಬಿಡಿಸಿ ಎಂದು ಬಳ್ಳಾರಿಯ ಜಿಲ್ಲಾ ಕಚೇರಿಗೆ ಬರೆದ ಅರ್ಜಿ ಹೋದ ಬೇಸಿಗೆಯಿಂದ ನನ್ನ ಹತ್ತಿರವೇ ಉಳಿದಿತ್ತು. ಕೇರಿಯವರೆಲ್ಲ ಹೆಬ್ಬೆಟ್ಟು ಒತ್ತಿದ್ದರು. “ಅದು ಹೋದ ದಿನ ನನ್ನ ಟ್ಯಾಂಕರ್ ನಿಮ್ಮ ಕೇರಿಗೆ ಬರಂಗಿಲ್ಲ” ಅಂದಿದ್ದ ಮರಿಬಸಪ್ಪ. ನಳ ಬಾರದ ದಿನ ನಮಗೆ ಆ ಟ್ಯಾಂಕರೇ ಗತಿ, ಅದೂ ಅವನಿಗೆ ಮನಸ್ಸು ಬಂದಾಗ.

ಲಕೋಟೆ ಹಿಡಿದು ಹೊರಟೆ. ಅಂಚೆ ಡಬ್ಬಿ ಇರುವುದು ಅವನ ಗೇಟಿನ ಮಗ್ಗುಲಲ್ಲೇ.

“ಏನಬೇ, ಯಾರಿಗೆ ಕಾಗದ?” ಕಟ್ಟೆಯ ಮೇಲೆ ಕೂತಿದ್ದ ಮರಿಬಸಪ್ಪ ಕೇಳಿದ.

“ಬಳ್ಳಾರಿಗ್ರಿ.”

“ಟ್ಯಾಂಕರ್ ನೆನಪೈತಿಲ್ಲ?”

“ಐತ್ರಿ. ಮುಂಜಾನೆ ನೀವು ಚೆಲ್ಲಿಸಿದ್ದು ಅದರ ನೀರೇ.”

ಅವನು ಎದ್ದು ಬರುವಷ್ಟರಲ್ಲಿ ಲಕೋಟೆ ಡಬ್ಬಿಯೊಳಗೆ ಬಿದ್ದಿತ್ತು.