ಅವ್ವನ ಎಡದವಡೆ

ಉಜ್ವಲಾ ತಾಯಿಯ ಬಾಯಿಗೆ ಇನ್ನೊಂದು ಹತ್ತಿಯ ಉಂಡೆ ತುರುಕಿ, ಗದ್ದದ ಕೆಳಗಿನಿಂದ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಬಿಗಿದಳು. ನಾತ ನಿಲ್ಲಲಿಲ್ಲ. ಅತ್ತಿಗೆ ಧನಶ್ರೀ ಮೂಗಿಗೆ ಸೆರಗು ಒತ್ತಿಕೊಂಡು ಮತ್ತೆ ಅತ್ತರು ಚಿಮುಕಿಸಿದಳು. ಕೀವಿನ ನಾತಕ್ಕೆ ಗುಲಾಬಿ ಸೇರಿ ಇನ್ನಷ್ಟು ಗಾಢವಾಯಿತು.

“ಆ ಗಂಟ ಬಿಚ್ಚಬೇಕಾಗತೈತಿ,” ಎಂದ ಅಣ್ಣ ಪದ್ಮರಾಜ, ಬಾಗಿಲಲ್ಲೇ ನಿಂತು. “ವಿಮಾನದಾಗ ಕುಂದರಿಸಿದ ಮ್ಯಾಲ ಮಾರಿ ಕಾಣಬೇಕು. ಮಂದಿ ದರ್ಶನಕ್ಕ ಬಂದಾರ.”

“ಯಾತರ ದರ್ಶನ ಅಣ್ಣಾ? ಎಲ್ಲಾರಂಗ ಮಲಗಿಸಿ ಒಯ್ಯೂಣು.”

“ಅವ್ವ ಎಲ್ಲಾರಂಗ ಸತ್ತಿಲ್ಲ. ಅನ್ನ ನೀರು ಬಿಟ್ಟು ಸಮಾಧಿ ಮರಣ ಹೊಂದ್ಯಾಳ.”

ಬನಹಟ್ಟಿ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಪದ್ಮರಾಜ, ಗಿರಾಕಿಗೆ ಸೀರೆ ಬಿಡಿಸಿ ತೋರಿಸುವ ಹಾಗೆ, ಬೆಳಗಿನಿಂದ ಬಂದವರಿಗೆಲ್ಲ ಈ ಮಾತನ್ನು ಬಿಡಿಸಿ ತೋರಿಸಿದ್ದ. ಅಂಗಳದಲ್ಲಿ ಹೆಣ ಕೂರಿಸುವ ವಿಮಾನಕ್ಕೆ ಚೆಂಡುಹೂ ಕಟ್ಟುತ್ತಿದ್ದರು. ಬ್ಯಾಂಡಿನವರೂ ಬಂದು ಚಹಾ ಕುಡಿಯುತ್ತಿದ್ದರು. ಉಪವಾಸವಂತೆ! ಅದೂ ಅವ್ವ ಅನುಸೂಯಾ ಮಾಡಿದ್ದಂತೆ! ಉಜ್ವಲಾಗೆ ಮೈಯೆಲ್ಲ ಹೇಸಿಗೆಯಾಯಿತು.

*

ಅನುಸೂಯಾ ಉಣ್ಣುವ ಹೆಂಗಸು. ಚಿಮ್ಮಡದ ಹೊಲಕ್ಕೆ ಹೋದರೆ ಕಬ್ಬನ್ನು ಹಲ್ಲಿನಿಂದಲೇ ಸೀಳಿ, ಸಿಪ್ಪೆಯ ಗುಡ್ಡೆ ಹಾಕಿ ಏಳುತ್ತಿದ್ದಳು. ಪರ್ವದ ದಿನಗಳಲ್ಲಿ ಓಣಿಯ ಹೆಂಗಸರೆಲ್ಲ ಉಪವಾಸ ಕೂತರೆ ಇವಳು ಮಧ್ಯಾಹ್ನಕ್ಕೇ ಕೈ ಚೆಲ್ಲುತ್ತಿದ್ದಳು.

“ನನ್ನ ಹೊಟ್ಟಿ ಧರ್ಮ ಕೇಳಂಗಿಲ್ಲರೆವ್ವಾ. ಪುಣ್ಯ ನೀವು ಮಾಡ್ರಿ, ನಿಮ್ಮ ಪಾರಣೆಗೆ ಅಡಗಿ ನಾ ಮಾಡತೇನಿ.”

ಹೇಳಿದಂತೆ ಮಾಡುತ್ತಿದ್ದಳು ಕೂಡ. ಮರುದಿನ ನಸುಕಿನಲ್ಲೇ ನೀರು ಸೋಸಿ ಒಲೆ ಹೊತ್ತಿಸಿ, ಉಪವಾಸ ಬಿಡುವವರಿಗೆಲ್ಲ ಬಡಿಸಿ, ಅವರಿಗಿಂತ ಒಂದು ತುತ್ತು ಹೆಚ್ಚೇ ತಾನುಣ್ಣುತ್ತಿದ್ದಳು.

ಮರೆವಿನ ಕಾಯಿಲೆ ಬಂದ ಮೇಲೆ ಮಗಳ ಹೆಸರು ಹೋಯಿತು, ಗಂಡ ತೀರಿಕೊಂಡದ್ದೂ ಹೋಯಿತು. ಹಸಿವು ಮಾತ್ರ ಹೋಗಿರಲಿಲ್ಲ. ಅಂಥವಳು ಈ ಚಳಿಗಾಲದಲ್ಲಿ ಒಮ್ಮೆಲೇ ಇಳಿದುಹೋದಳು. ಮನೆಯ ಬಾಗಿಲು ಯಾವುದೆಂದು ತಿಳಿಯದೆ ಚೀರತೊಡಗಿದಳು. ಮುಧೋಳದ ಬ್ಯಾಂಕಿನಲ್ಲಿ ಕೆಲಸ ಮಾಡುವ ಉಜ್ವಲಾ ರಜೆ ಹಾಕಿ ಜಮಖಂಡಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಬಾಯೊಳಗೆ ಬ್ಯಾಟರಿಯ ಬೆಳಕು ಬಿಟ್ಟವರು ತಟ್ಟನೆ ಮುಖ ಹಿಂದಕ್ಕೆ ತೆಗೆದರು.

“ಎಡದವಡಿ ಪೂರಾ ಕೀವು ತುಂಬೇತಿ. ನೋಡ್ರಿ, ಈ ಮರವಿನ ಬ್ಯಾನಿಯೊಳಗ ಮೆದುಳಿನ ಕಾವಲು ಕೋಶಗಳು ಮೊದಲ ಕೆರಳಿ ಕುಂತಿರ್ತಾವು. ಮೈಯಾಗ ಎಲ್ಲೆರೆ ಕೀವಾದ್ರ ರಕ್ತದಾಗಿಂದ ಅವಕ್ಕ ಸುದ್ದಿ ಮುಟ್ಟತೈತಿ. ಆಮ್ಯಾಲ ಅವು ವೈರಿ ಯಾರು, ತಮ್ಮವ್ರು ಯಾರು ನೋಡಂಗಿಲ್ಲ. ಒಳ್ಳೇ ನರಕೋಶಾನೂ ಹಾಳ ಮಾಡತಾವು.”

“ಹಂಗಾರ ಹಲ್ಲ ಕೀಳಿಸಿದ್ರ ಆರಾಮ ಆಗತಾಳೇನ್ರಿ?”

“ಮರವು ಹೋಗಂಗಿಲ್ಲ. ಆದ್ರ ನೋವು ಹೋಗತೈತಿ, ಉಣತಾರ. ಇಷ್ಟ ಜಲ್ದಿ ಇಳಿಯೂದು ಸ್ವಲ್ಪರೆ ತಡದೀತು. ಗುಳಿಗಿ ಚಾಲೂ ಮಾಡ್ರಿ, ಲಗೂನ ಹಲ್ಲ ತೆಗಸ್ರಿ.”

“ಆತು, ಸೋಮವಾರ ನಾನ ಕರಕೊಂಡ ಹೋಗತೇನಿ,” ಎಂದಿದ್ದ ಪದ್ಮರಾಜ. ಸೋಮವಾರಗಳು ಬಂದವು, ಹೋದವು. ಅಷ್ಟರಲ್ಲಿ ಎದುರುಮನೆಯ ಸಂಧ್ಯಾ ಮಾತಾಡಿಸಲು ಬಂದಳು. ಅನುಸೂಯಾ ಚಮಚಕ್ಕೆ ಮುಖ ತಿರುಗಿಸಿದ್ದನ್ನು ಕಂಡು ಕೈಮುಗಿದಳು. “ಕಾಕು ಆಹಾರ ತ್ಯಾಗ ಮಾಡ್ಯಾರ!” ಮರುದಿನದಿಂದ ಮನೆಗೆ ಜನ. ಬಸದಿಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಪದ್ಮರಾಜನಿಗೆ ಮುಂದಿನ ಸಾಲು ಸಿಕ್ಕಿತು. ಅದರ ರುಚಿ ಹತ್ತಿತು.

ಉಜ್ವಲಾ ಕಾರು ತಂದಾಗ ಆತ ರಟ್ಟೆ ಹಿಡಿದ. “ವ್ರತ ಮುರದ ಪಾಪ ಕಟ್ಟಕೋತಿಯೇನು?” ಗುಳಿಗೆಯ ಪೊಟ್ಟಣ ಕಪಾಟಿನಲ್ಲಿ ಒಡೆಯದೆ ಬಿದ್ದಿತ್ತು. ಅವ್ವ ಕಾದ ಕೆನ್ನೆಯನ್ನು ಅವಳ ಅಂಗೈಗೆ ಒತ್ತಿ ನರಳಿದಳು. ಡಾಕ್ಟರನ್ನೇ ಮನೆಗೆ ಕರೆತರುತ್ತೇನೆಂದು ಹೋದವಳಿಗೆ ಬೆಳಗಾಗುವುದರೊಳಗೆ ಫೋನು ಬಂತು.

*

ಅವ್ವನಿಗೆ ಬಿಳಿ ಸೀರೆ ಉಡಿಸಿ, ಹಣೆಗೆ, ಗಲ್ಲಕ್ಕೆ ಗಂಧ ಹಚ್ಚಿ, ವಿಮಾನದ ಹಲಗೆಗೆ ಒರಗಿಸಿ ಕೂರಿಸಿದರು. ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೆ ಮುಂದೆ ಬಂದರು.

“ವ್ರತ ಯಾರ ಮುಂದ ತಗೊಂಡ್ರು ಪದ್ಮರಾಜ? ಅರಿವು ಇತ್ತೇನು? ಅರಿವಿಲ್ದ ಹಸದ್ರ ಅದು ಸಲ್ಲೇಖನ ಅಲ್ಲಪಾ.”

“ನಾ ಕೇಳಿದ್ನಿರಿ. ತಲಿ ಆಡಿಸಿದ್ಲು.”

“ಸುಳ್ಳ ಹೇಳಬ್ಯಾಡ,” ಎಂದಳು ಉಜ್ವಲಾ. “ಅವ್ವಗ ಹಸಿವಿತ್ತು. ದವಡಿ ಕೊಳತು ಬಾಯಿ ತೆಗಿಯಾಕ ಆಗತಿದ್ದಿಲ್ಲ.”

ಜನ ಅವಳನ್ನೇ ಹೊಲಸು ತುಳಿದು ಬಂದವಳಂತೆ ನೋಡಿದರು. “ಆಕಿಗೆ ದುಃಖ ಆಗೇತ್ರಿ,” ಎಂದು ಪದ್ಮರಾಜ ಮೆತ್ತಗೆ ಹೇಳಿ, ತಾನೇ ನೆತ್ತಿಯ ಗಂಟು ಬಿಚ್ಚಿ, ಹತ್ತಿ ತೆಗೆದು, ಆ ಬಟ್ಟೆಯನ್ನು ತಂಗಿಯ ಕೈಗೆ ತುರುಕಿದ. ಅವ್ವನ ತಲೆ ಎಡಕ್ಕೆ ವಾಲಿತು. ಬಾಯ ಮೂಲೆಯಿಂದ ಹಳದಿ ದ್ರವ ಸೋರಿ ಗದ್ದಕ್ಕೆ ಇಳಿಯಿತು.

“ಗಂಧ! ಕಾಕುನ ಮಾರಿ ಮ್ಯಾಲ ಗಂಧ ಇಳ್ಯಾಕತ್ತೇತಿ!” ಸಂಧ್ಯಾ ಓಡಿಬಂದು ಬೆರಳಿಗೆ ಬಳಿದುಕೊಂಡಳು.

“ಸಂಧ್ಯಾ, ಹಚ್ಚಕೋಬ್ಯಾಡ. ಕೀವು ಅದು.”

ಕಣ್ಣಿಗೆ ಒತ್ತಿಕೊಳ್ಳಲು ಎತ್ತಿದ ಬೆರಳು ಅಲ್ಲೇ ನಿಂತಿತು. ಅಷ್ಟು ಹತ್ತಿರದಲ್ಲಿ ಅತ್ತರು ಏನನ್ನೂ ಮುಚ್ಚಲಾರದು. ಸಂಧ್ಯಾ ಪದ್ಮರಾಜನ ಕಡೆ ತಿರುಗಿದಳು.

“ಅಣ್ಣಾರ... ಗಂಧ ಹೌದಲ್ಲರಿ?”

ಪದ್ಮರಾಜ ಉಪಾಧ್ಯೆಯನ್ನು ನೋಡಿದ, ಜನರನ್ನು ನೋಡಿದ, ತಂಗಿಯ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ಉಜ್ವಲಾ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

“ಗಂಧಾನ ಐತಿ,” ಎಂದ ಅವನು. ಸಂಧ್ಯಾಳ ಬೆರಳಿಗೆ ಹಣೆ ಒಡ್ಡಿದ.

ಬ್ಯಾಂಡು ಶುರುವಾಯಿತು. ವಿಮಾನದ ಮುಂದಿನ ಹೆಗಲು ಅವನದೇ, ಎರಡೂ ಕೈ ದಂಡಿಗೆಯ ಮೇಲೆ. ಹಣೆಯ ಕೀವು ಬೆವರಿಗೆ ಕರಗಿ, ಮೂಗಿನ ಪಕ್ಕದಿಂದ ತುಟಿಯ ಕಡೆಗೆ ಇಳಿಯತೊಡಗಿತು. ಪದ್ಮರಾಜ ಬಾಯಿ ಬಿಗಿಯಾಗಿ ಮುಚ್ಚಿಕೊಂಡ.