ಇಪ್ಪತ್ತೆಂಟು ಅಂಗುಲದ ಮುಚ್ಚಳ

ಕೋಲು ತಣ್ಣಗಿರಬೇಕು, ಕಬ್ಬಿಣದ್ದಲ್ಲವೇ, ಸತ್ತವನಿಗೆ ಇನ್ನೇನು ಚಳಿ, ಆದರೂ ಸರಿಯಾಗಿ ಅವನ ಎದೆಯ ಮೇಲೆಯೇ ಇಟ್ಟನಲ್ಲ ಪಾಪಿ, ಎಂದುಕೊಂಡಳು ಕೆಜಾಯಾ — ಗಂಡ ಓಬೆಡ್‌ನ ಶವಪೆಟ್ಟಿಗೆಯ ಮುಚ್ಚಳಕ್ಕೆ ಅಡ್ಡಲಾಗಿ ಅಳತೆಕೋಲು, ಪಕ್ಕದಲ್ಲಿ ಕಡಲಾಚೆ ಲಂಡನ್ನಿನ ದೊರೆಯ ಕಾಡಿನ ಅಧಿಕಾರಿ, ಇಪ್ಪತ್ತೆಂಟು ಅಂಗುಲ, ಒಂದೇ ಹಲಗೆ, ಎರಡಡಿ ಅಗಲ ಮೀರಿದ ಪೈನ್ ಮರವೆಲ್ಲ ದೊರೆಯ ಹಡಗಿನ ಕಂಬಕ್ಕೆ ಮೀಸಲು ಅಂತ ಗೊತ್ತಿಲ್ವೇನಮ್ಮ, ಹೆಣ ಇಳಿಸಿ, ಹಲಗೆ ಕೊಡಿ, ಕೊಯ್ದೋರು ಯಾರು ಹೇಳಿ, ಎನ್ನುತ್ತಿದ್ದ. ಗೊತ್ತಿಲ್ಲದೆ ಏನು, ಮೂವತ್ತು ವರ್ಷ ಗರಗಸದ ಗಿರಣಿ ನಡೆಸಿದವನ ಹೆಂಡತಿ ಅವಳು, ಊರಿನ ಮನೆಗಳ ನೆಲಕ್ಕೆಲ್ಲ ಹಾಸಿದ ಮೀಸಲು ಮರದ ಹಲಗೆಗಳ ಅಂಚು ಸವರಿ ಇಪ್ಪತ್ತಮೂರು ಅಂಗುಲಕ್ಕೆ ಇಳಿಸಿ ಕೊಡುತ್ತಿದ್ದ ಅವನು, ಬಂದು ಅಳೀಲಿ ಬಿಡೇ, ಒಂದಂಗುಲ ಕಮ್ಮೀನೇ ಸಿಗತ್ತೆ ಅಂತ ನಗುತ್ತಿದ್ದ, ಒಲೆಗೆ ಹಾಕಿದ ಆ ಅಂಚುಗಳಲ್ಲೇ ಮೂವತ್ತು ಚಳಿಗಾಲ ಬೆಂದ ಕಾಳು ಉಂಡಿದ್ದಾರೆ, ಆದರೆ ಅವನ ಹೆಗಲು ಅಗಲ, ಸತ್ತ ಮೇಲೂ ಕುಗ್ಗಿ ಮಲಗಬೇಕೇ, ಸವರಲಾರೆ ಎಂದು ಮೊನ್ನೆ ಗಿರಣಿಯ ಚಕ್ರಕ್ಕೆ ನೀರು ಬಿಟ್ಟು ತಾನೇ ಕೊಯ್ದಿದ್ದಳು, ತಮ್ಮದೇ ಹಿತ್ತಿಲ ಮರ.

ಊರಸಭೆಯೂ ನಡೆಯುವ ಆ ಚರ್ಚಿನಲ್ಲಿ ಪ್ರಾರ್ಥನೆಗೆ ನಿಂತಿದ್ದ ಸಭೆಯ ಹಿರಿಯ ಡೀಕನ್ ಸ್ಟೋ ಪುಸ್ತಕ ಮುಚ್ಚಿದರು — ಇಲ್ಲಿ ಊರೇ ಕೈಯೆತ್ತಿ ತೀರ್ಮಾನ ಮಾಡೋದು ಸ್ವಾಮಿ, ಹಂದಿ ಕಾಯೋನನ್ನೂ ಹಾಗೇ ಆರಿಸಿದ್ದು. ಎತ್ತಲಿ, ನಾಳೆಯಿಂದ ಒಂದೊಂದು ಮನೆ ನೆಲಾನೂ ಕಿತ್ತು ನೋಡ್ತೀನಿ, ಎಂದ ಅಧಿಕಾರಿ, ಗಂಡಸರ ಕಣ್ಣೆಲ್ಲ ತಂತಮ್ಮ ಬೂಟಿಗೆ ಇಳಿದವು. ಹಲಗೆ ಕೊಡೋಣ ಅನ್ನೋರು? ಡೀಕನ್ ಕೇಳಿದರು. ಹದಿನಾಲ್ಕು ಕೈ, ಅದರಲ್ಲಿ ಓಬೆಡ್‌ನ ಸ್ವಂತ ತಮ್ಮನದೂ ಒಂದು, ಥೂ. ಹೀಗೇ ಮಣ್ಣಿಗೆ ಹೋಗಲಿ ಅನ್ನೋರು? ಹದಿನಾಲ್ಕು. ಇನ್ಯಾರೂ ಇಲ್ವೇನ್ರಪ್ಪ? ನಮ್ಮನ್ನು ಕೇಳದೆ ಲಂಡನ್ನಿನಲ್ಲಿ ಕಾನೂನು ಮಾಡೋಕೆ ಅವರು ಯಾರು ಎಂದು ಇದೇ ಗಂಡಸರು ಇದೇ ಬೆಂಚು ಗುದ್ದಿರಲಿಲ್ಲವೇ, ಅವಳು ಹಿಂದೆ ಹೆಂಗಸರ ಸಾಲಿನಲ್ಲಿ ಕೂತು ಕೇಳಿರಲಿಲ್ಲವೇ, ಅವಳನ್ನು ಯಾರು ಕೇಳಿದ್ದರು, ಎಂದಾದರೂ, ಯಾವುದಕ್ಕಾದರೂ — ಅವಳ ತೋಳು ತಾನಾಗಿ ಮೇಲೆದ್ದಿತು. ಕೂತ್ಕೋ ಅಕ್ಕಾ, ಯಾರೋ ಲಂಗ ಎಳೆದರು. ಹೆಂಗಸಿನ ಕೈಯೂ ಕೈಯೇನ್ರೀ, ಅಧಿಕಾರಿ ನಕ್ಕ. ಡೀಕನ್ ಅವಳತ್ತ ತಿರುಗಿದರು. ಗಿರಣಿ ಈಗ ಈಯಮ್ಮಂದು, ಮರ ಈಯಮ್ಮಂದು, ಒಳಗಿರೋನು ಈಯಮ್ಮನ ಗಂಡ, ಹದಿನೈದು, ಎಂದರು, ಪೆಟ್ಟಿಗೆ ಹೊರಿ ಹುಡುಗರಾ. ಅಧಿಕಾರಿಯ ನಗು ನಿಂತಿತು, ಅವನು ನೋಡುತ್ತಿದ್ದುದು ಅವಳ ಮುಖವನ್ನಲ್ಲ, ಮೇಲೆತ್ತಿದ ಅಂಗೈಯನ್ನು, ಅಲ್ಲಿ ಪೈನ್ ರಾಳ, ಎರಡು ದಿನ ಉಜ್ಜಿದರೂ ಹೋಗದ ಕಪ್ಪು ರಾಳ, ನೋಡಲಿ, ಚೆನ್ನಾಗಿ ನೋಡಲಿ, ಕೊಯ್ದ ಕೈ ಇದೇ — ಅವಳು ಬೆರಳುಗಳನ್ನು ಇನ್ನಷ್ಟು ಅಗಲಿಸಿದಳು, ಅಂಗೈ, ರಾಳ, ಅಂಗೈ.