ನುಣುಪು ಹೆಚ್ಚಾದ ರೆಕ್ಕೆ

ಬುದ್ಧನ ಮಂಟಪಗಳಿಗೆ ಮೆರುಗೆಣ್ಣೆ ಹಚ್ಚಿ ಉಜ್ಜುವುದರಲ್ಲಿ ಜಪಾನಿನ ಹಿಕೊನೆ ಊರಿನ ಮಿತ್ಸುಎಯನ್ನು ಮೀರಿಸುವವರಿರಲಿಲ್ಲ. ಸ್ವತಃ ಮಿತ್ಸುಎಯ ಅಭಿಪ್ರಾಯವೂ ಅದೇ. ನಿವೃತ್ತ ಮೇಸ್ತ್ರಿ ಕುವಾಬಾರ, ಸರೋವರದ ಹಾರಾಟ ಸ್ಪರ್ಧೆಗೆಂದು ಪೆಡಲು ತುಳಿದು ಹಾರಿಸುವ ವಿಮಾನ ಕಟ್ಟಿ, ರೆಕ್ಕೆ ನುಣುಪು ಮಾಡಿಕೊಡಿ ಎಂದಾಗ ಆಕೆ ಮೂರು ವಾರ ತೀಡಿ ಕನ್ನಡಿಯನ್ನೇ ಮಾಡಿಟ್ಟಳು. ನೊಣ ಕೂತರೂ ಜಾರುತ್ತಿತ್ತು.

ಬಯಲಿನಲ್ಲಿ ಮೊದಲ ಪರೀಕ್ಷೆ. ಅಂಚೆ ಹಂಚುವ ಚಿನಾತ್ಸು ಬೆವರು ಸುರಿಸಿ ತುಳಿದಳು. ವಿಮಾನ ಮೊಳದೆತ್ತರ ಎದ್ದು, ಹೊಟ್ಟೆ ಬಿರಿಯೆ ತಿಂದ ಬಾತುಕೋಳಿಯಂತೆ ಕುಕ್ಕರಿಸಿತು.

ಗಾಳಿ ಹರಿಯುವ ದಾರಿ ಕಾಣಲೆಂದು ಕುವಾಬಾರ ರೆಕ್ಕೆಯ ಮೇಲೆ ಉಣ್ಣೆಯ ಎಳೆಗಳನ್ನು ಅಂಟಿಸಿ ಮತ್ತೆ ಓಡಿಸಿದ. ಮುಂದಿನ ಎಳೆಗಳು ಅಚ್ಚುಕಟ್ಟಾಗಿ ಮಲಗಿದವು; ಹಿಂದಿನವು ಹುಚ್ಚೆದ್ದು ಕುಣಿದವು.

“ಮಿತ್ಸುಎ-ಸಾನ್, ನಿಮ್ಮ ಕೆಲಸ ಜಾಸ್ತಿ ಚೆನ್ನಾಗಾಗಿಬಿಟ್ಟಿದೆ. ನಮ್ದು ಸೈಕಲ್ ವೇಗ. ಇಷ್ಟು ನುಣುಪಿದ್ರೆ ಗಾಳಿ ಅರ್ಧದಾರೀಲೇ ರೆಕ್ಕೆ ಬಿಟ್ಟು ಏಳುತ್ತೆ, ಹಿಂದೆ ಸುಳಿ ಕಟ್ಟಿ ನಮ್ಮನ್ನ ಎಳೆಯುತ್ತೆ. ಮುಂದೆ ಒಂದು ಗೆರೆ ಒರಟು ಮಾಡಿದ್ರೆ ಗಾಳಿ ಕದಡಿ, ಕೊನೇವರೆಗೂ ಅಂಟ್ಕೊಂಡೇ ಹೋಗುತ್ತೆ.”

“ಒರಟು?” ಮಿತ್ಸುಎ ಕೆಂಡವಾದಳು. “ಮರಳುಕಾಗದ ನಿಮ್ಮ ತಲೆಗೆ ಉಜ್ಕೊಳ್ಳಿ. ಅಲ್ಲಿ ಕೂದಲೂ ಅಡ್ಡ ಬರಲ್ಲ!”

“ಅಕ್ಕಾ, ತುಳಿಯೋದು ನನ್ನ ತೊಡೆ,” ಎಂದಳು ಚಿನಾತ್ಸು. “ನಿಮ್ಮ ಮರ್ಯಾದೇನೂ ಹೊತ್ಕೊಂಡು ತುಳೀಲಾ?”

ಮಿತ್ಸುಎ ಹೊರಟುಹೋದಳು. ಬೆಳಿಗ್ಗೆ ಬಂದು ನೋಡಿದರೆ ಕುವಾಬಾರ ರೆಕ್ಕೆಗೆ ಮರಳುಕಾಗದದ ಪಟ್ಟಿ ಅಂಟಿಸಿದ್ದ, ಗಾಯಕ್ಕೆ ಕುಡುಕ ಕಟ್ಟಿದ ಬಟ್ಟೆಯಂತೆ ಸೊಟ್ಟಗೆ. ಒರಟನ್ನಾದರೂ ಸಹಿಸಬಹುದು, ಆ ಸೊಟ್ಟನ್ನು ಆಕೆ ಸಹಿಸಲಾರಳು. ಕಿತ್ತೆಸೆದಳು. ಕೂದಲೆಳೆಯಂಥ ಕುಂಚದಿಂದ ಮೆರುಗೆಣ್ಣೆಯ ನೇರ ಗೆರೆ ಎಳೆದು, ಮಂಟಪಕ್ಕೆ ಚಿನ್ನದ ಪುಡಿ ಉದುರಿಸುವ ಹಾಗೆಯೇ, ಬಿದಿರಿನ ಕೊಳವೆಯನ್ನು ತಟ್ಟಿ ತಟ್ಟಿ ಸಣ್ಣ ಮರಳು ಉದುರಿಸಿದಳು. ತಾನೇ ಬಾಚಿದ ಜಡೆಗೆ ತಾನೇ ಮಣ್ಣೆರಚಿದಂತಿತ್ತು ಆಕೆಗೆ.

ಸ್ಪರ್ಧೆಯ ದಿನ ಬಿವಾ ಸರೋವರದ ಮೇಲೆ ವಿಮಾನ ಹೋಯಿತು, ಹೋಗುತ್ತಲೇ ಇತ್ತು. ದಂಡೆಯ ಜನ ತಿನ್ನುತ್ತಿದ್ದ ಅನ್ನದುಂಡೆ ಮರೆತರು. ಚಿನಾತ್ಸುವಿನ ತೊಡೆ ಕೈಕೊಡುವಷ್ಟರಲ್ಲಿ ಸಾವಿರದ ಮುನ್ನೂರು ಮೀಟರು ದಾಟಿತ್ತು; ಆಮೇಲೆ ಎಡಕ್ಕೆ ವಾಲಿ ನೀರಿಗೆ ಬಿತ್ತು. ಕುವಾಬಾರ ಸಂತೋಷಕ್ಕೆ ಗೊಳೋ ಎಂದು ಅತ್ತ.

ದೋಣಿಯವರು ಎಳೆತಂದ ಮುರಿದ ರೆಕ್ಕೆಯ ಗೆರೆ ಮೇಲೆ ಮಿತ್ಸುಎ ಬೆರಳಾಡಿಸಿದಳು.

“ಇಲ್ಲಿ ಮರಳು ಎರಡು ಕಾಳು ಜಾಸ್ತಿ ಬಿದ್ದಿವೆ. ಅದಕ್ಕೇ ಎಡಕ್ಕೆ ವಾಲ್ತು.”

“ಎರಡು ಕಾಳಿಗೆ ವಿಮಾನ ವಾಲಲ್ಲ ಕಣ್ರೀ!” ಎಂದ ಕುವಾಬಾರ.

“ಅಳೋರು ಮಾತಾಡಬಾರದು. ಮುಂದಿನ ವರ್ಷ ಮರಳು ನಾನೇ ಜರಡಿ ಹಿಡೀತೀನಿ.”